ಪಾಸ್ ಇಲ್ಲದೆ ಒಳಗೆ ಯಾರು ಹೋಗಬಹುದು? ಓದುಗರ ಪ್ರಶ್ನೆ, ನಮ್ಮ ಉತ್ತರ

ಬೇಸಿಗೆ ರಜೆ ಹತ್ತಿರ ಬಂತು ಅಂತ ಪತ್ರಗಳನ್ನು ನೋಡಿದರೇ ಗೊತ್ತಾಗುತ್ತದೆ. ಈ ಸಲ ಬಂದವುಗಳಲ್ಲಿ ಜಾಸ್ತಿ ಪತ್ರಗಳು ಗೇಟಿನ ಬಗ್ಗೆಯೇ. ಎಲ್ಲಿ ಟಿಕೆಟ್ ಬೇಕು, ಎಲ್ಲಿ ಪಾಸ್ ಬೇಕು, ಯಾರನ್ನು ಸುಮ್ನೆ ಬಿಡುತ್ತಾರೆ, ಯಾರನ್ನು ತಡೆಯುತ್ತಾರೆ. ಅದಕ್ಕೇ ಈ ಬಾರಿಯ ಅಂಕಣವನ್ನು ಪೂರ್ತಿ ಇದಕ್ಕೇ ಇಟ್ಟಿದ್ದೇನೆ.

ಪ್ರಶ್ನೆ: ನಮ್ಮ ಮಗಳನ್ನು ಕೋತಗಿರಿಗೆ ಕೊಟ್ಟಿದ್ದೇವೆ. ಪ್ರತಿ ವರ್ಷ ಮೇ ತಿಂಗಳಲ್ಲಿ ನಮ್ಮ ಕಾರಿನಲ್ಲೇ ಹೋಗಿ ಒಂದು ವಾರ ಇದ್ದು ಬರುವ ರೂಢಿ. ಈಗ ಇ-ಪಾಸ್ ಇಲ್ಲದೆ ಬಿಡುವುದಿಲ್ಲ ಎನ್ನುತ್ತಾರೆ. ಮಗಳ ಮನೆಗೆ ಹೋಗುವವರೂ ಪ್ರವಾಸಿಗರಾ? ನಮಗೆ ವಿನಾಯಿತಿ ಇಲ್ವಾ? ಅಳಿಯಂದಿರು ಊಟಿಯ ಬೊಟಾನಿಕಲ್ ಗಾರ್ಡನ್‌ಗೂ ಕರೆದುಕೊಂಡು ಹೋಗುತ್ತಾರೆ. ಅಲ್ಲಿಗೂ ಇದೇ ಪಾಸ್ ಸಾಕಾ?
(ಮೈಸೂರಿನಿಂದ ಒಬ್ಬ ತಂದೆ)

ಉತ್ತರ: ನಿಮ್ಮ ಬೇಸರ ಅರ್ಥವಾಗುತ್ತದೆ ಸರ್. ಆದರೆ ಪಾಸ್ ಬೇಕು. ಯಾಕೆಂದರೆ ಈ ಪಾಸ್ ಮನುಷ್ಯರಿಗಲ್ಲ, ಗಾಡಿಗೆ. ನೀವು ಯಾರ ಮನೆಗೆ ಹೋಗುತ್ತಿದ್ದೀರಿ ಎಂದು ಚೆಕ್‌ಪೋಸ್ಟಿನವರು ನೋಡುವುದಿಲ್ಲ. ಗಾಡಿ ನೀಲಗಿರಿ ಜಿಲ್ಲೆಯದಾ, ಹೊರಗಿನದಾ ಎಂದು ನೋಡುತ್ತಾರೆ. ಕೋತಗಿರಿಯೂ ನೀಲಗಿರಿ ಜಿಲ್ಲೆಯೇ. ಕೆಎ-09 ನಂಬರಿನ ಕಾರು ಒಳಗೆ ಹೋಗಬೇಕಾದರೆ ಇ-ಪಾಸ್ ತೆಗೆದುಕೊಳ್ಳಲೇಬೇಕು.

ಇದು ಹೇಗೆ ಬಂತು ಎಂದು ಸ್ವಲ್ಪ ಹೇಳುತ್ತೇನೆ. 2024ರ ಏಪ್ರಿಲ್ ಕೊನೆಯಲ್ಲಿ ಮದ್ರಾಸ್ ಹೈಕೋರ್ಟ್ ನೀಲಗಿರಿ ಮತ್ತು ಕೊಡೈಕನಾಲ್ ಎರಡಕ್ಕೂ ಇ-ಪಾಸ್ ಮಾಡಿ ಎಂದು ಆದೇಶ ಕೊಟ್ಟಿತು. ಮೇ 7ರಿಂದ ಅದು ಜಾರಿಗೆ ಬಂತು. ಸೀಸನ್‌ನಲ್ಲಿ ನೀಲಗಿರಿಗೆ ದಿನಕ್ಕೆ ಸುಮಾರು 20,000 ಗಾಡಿಗಳು ಹತ್ತುತ್ತಿವೆ ಎಂಬ ಲೆಕ್ಕ ಕೋರ್ಟಿನ ಮುಂದಿತ್ತು. ಆ ಘಾಟಿ ರಸ್ತೆ, ಆ ಸಣ್ಣ ಪೇಟೆ, ಬೇಸಿಗೆಯಲ್ಲಿ ಅಲ್ಲಿನವರಿಗೇ ಸಾಲದ ನೀರು. ಇಷ್ಟರ ಮೇಲೆ ದಿನಾ 20,000 ಗಾಡಿ ಅಂದರೆ ಯೋಚನೆ ಮಾಡಿ. ಬೆಟ್ಟ ಎಷ್ಟು ಗಾಡಿ ತಡೆಯಬಲ್ಲದು ಎಂದು ಅಧ್ಯಯನ ಮಾಡಲು ಮದ್ರಾಸ್ ಐಐಟಿಗೂ ನಮ್ಮ ಬೆಂಗಳೂರಿನ ಐಐಎಂಗೂ ಹೇಳಲಾಯಿತು. ಮಾರನೇ ವರ್ಷ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 2025ರ ಏಪ್ರಿಲ್ 1ರಿಂದ ಜೂನ್ ಕೊನೆಯವರೆಗೆ ನೀಲಗಿರಿಗೆ ವಾರದ ದಿನಗಳಲ್ಲಿ 6,000, ವಾರಾಂತ್ಯದಲ್ಲಿ 8,000 ಗಾಡಿ ಮಾತ್ರ ಎಂದಿತು. ಕೊಡೈಕನಾಲ್‌ಗೆ 4,000 ಮತ್ತು 6,000. ಊಟಿಯ ವ್ಯಾಪಾರಿಗಳು ಇದಕ್ಕೆ ಒಪ್ಪಲಿಲ್ಲ, ಅಂಗಡಿ ಬಂದ್ ಮಾಡಿ ಪ್ರತಿಭಟಿಸಿದರು. ಅವರ ಕಷ್ಟವೂ ಸುಳ್ಳಲ್ಲ. ಎರಡು ತಿಂಗಳ ಸೀಸನ್ ನಂಬಿಕೊಂಡು ವರ್ಷ ತಳ್ಳುವವರು ಅಲ್ಲಿ ತುಂಬ ಜನ.

ಈಗ ನಿಮ್ಮ ಮುಖ್ಯ ಪ್ರಶ್ನೆ, ಪಾಸ್ ಯಾರಿಗೆ ಬೇಡ? ಅಲ್ಲೇ ಇರುವ ಜನಕ್ಕೆ ಬೇಡ. ಟಿಎನ್-43 ನಂಬರಿನ ಗಾಡಿ ಅಂದರೆ ನೀಲಗಿರಿಯದೇ, ಅದನ್ನು ತಡೆಯುವುದಿಲ್ಲ. ಅಲ್ಲಿನ ನಿವಾಸಿಯಾಗಿದ್ದು ಗಾಡಿ ಮಾತ್ರ ಬೇರೆ ಕಡೆ ನೋಂದಣಿ ಆಗಿದ್ದರೆ ವಿಳಾಸದ ದಾಖಲೆ ತೋರಿಸಿ ಸ್ಥಳೀಯರ ಪಾಸ್ ಒಮ್ಮೆ ಮಾಡಿಸಿಕೊಂಡರೆ ಸಾಕು. ಆಂಬುಲೆನ್ಸ್‌ನಂಥ ತುರ್ತು ಗಾಡಿಗಳು, ತರಕಾರಿ ಮತ್ತಿತರ ಬೆಳೆ ಸಾಗಿಸುವ ಗಾಡಿಗಳು, ಸರ್ಕಾರಿ ಬಸ್ಸುಗಳು ಇವಕ್ಕೂ ವಿನಾಯಿತಿ ಇದೆ. ಮೇಟುಪಾಳ್ಯದಿಂದ ಬೆಟ್ಟದ ರೈಲಿನಲ್ಲಿ ಬರುವವರನ್ನೂ ಯಾರೂ ಪಾಸ್ ಕೇಳುವುದಿಲ್ಲ.

ಇಲ್ಲಿ ನಿಮಗೆ ಎರಡು ದಾರಿ ಕಾಣುತ್ತಿದೆ ಅಲ್ವಾ? ಒಂದು, ಮೈಸೂರಿನಲ್ಲಿ ಕೆಎಸ್‌ಆರ್‌ಟಿಸಿ ಬಸ್ ಹತ್ತಿ ಊಟಿಯಲ್ಲಿ ಇಳಿಯುವುದು. ಅಲ್ಲಿಂದ ಕೋತಗಿರಿಗೆ ತಮಿಳುನಾಡು ಸರ್ಕಾರದ ಬಸ್ ಇದೆ, ಅಥವಾ ಅಳಿಯಂದಿರೇ ತಮ್ಮ ಗಾಡಿ ತರಬಹುದು. ಪಾಸಿನ ಮಾತೇ ಬರುವುದಿಲ್ಲ. ಇನ್ನೊಂದು, ಕಾರಿನಲ್ಲೇ ಹೋಗುವುದಾದರೆ ಪಾಸ್ ಮಾಡಿಸಿಕೊಳ್ಳುವುದು. ಅದಕ್ಕೆ ದುಡ್ಡಿಲ್ಲ. ತಮಿಳುನಾಡು ಸರ್ಕಾರದ ಇ-ಪಾಸ್ ಜಾಲತಾಣದಲ್ಲಿ ಮೊಬೈಲ್ ನಂಬರ್, ಗಾಡಿ ನಂಬರ್, ಎಷ್ಟು ಜನ, ಯಾವತ್ತು ಹೋಗುತ್ತೀರಿ, ಯಾವತ್ತು ವಾಪಸ್, ಎಲ್ಲಿ ಉಳಿಯುತ್ತೀರಿ ಎಂದು ತುಂಬಿದರೆ ಆಯಿತು. ಉಳಿಯುವ ಜಾಗ ಅಂದ ಕಡೆ ಮಗಳ ಮನೆ ವಿಳಾಸವನ್ನೇ ಕೊಡಿ. ದುಡ್ಡು ಕೊಟ್ಟರೆ ಪಾಸ್ ಮಾಡಿಸಿ ಕೊಡುತ್ತೇವೆ ಎನ್ನುವವರ ಮಾತು ಕೇಳಬೇಡಿ. ಶನಿವಾರ, ಭಾನುವಾರ ಬಿಟ್ಟು ಮಂಗಳವಾರವೋ ಬುಧವಾರವೋ ಹೊರಡಿ. ಪಾಸ್ ತೆಗೆಯುವುದನ್ನು ಹೊರಡುವ ಬೆಳಗಿನವರೆಗೆ ಎಳೆಯಬೇಡಿ, ಕಾಡಿನ ಅಂಚಿನಲ್ಲಿ ನಿಂತು ಮೊಬೈಲಿಗೆ ಸಿಗ್ನಲ್ ಹುಡುಕುವ ಪಾಡು ಬೇಡ. ಗುಂಡ್ಲುಪೇಟೆ ದಾಟಿದ ಮೇಲೆ ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ ಎಂಬುದು ನಿಮಗೆ ಗೊತ್ತೇ ಇರುತ್ತದೆ. ಆಚೆ ಕಕ್ಕನಹಳ್ಳ ಚೆಕ್‌ಪೋಸ್ಟಿನಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿ ಇದೆಯಾ ಎಂದೂ ನೋಡುತ್ತಾರೆ. ಮನೆಯಿಂದಲೇ ಸ್ಟೀಲ್ ಬಾಟಲಿ ಹಿಡಿದುಕೊಂಡು ಹೋಗಿ.

ಬೊಟಾನಿಕಲ್ ಗಾರ್ಡನ್ ಬೇರೆಯೇ ಲೆಕ್ಕ. ಇ-ಪಾಸ್ ಅಂದರೆ ಬೆಟ್ಟ ಹತ್ತಲು ಅನುಮತಿ ಅಷ್ಟೇ, ತೋಟದ ಟಿಕೆಟ್ ಅಲ್ಲ. ಗೇಟಿನಲ್ಲಿ ಎಲ್ಲರ ಹಾಗೆ ನೀವೂ ಟಿಕೆಟ್ ತೆಗೆದುಕೊಳ್ಳಬೇಕು, ಅಳಿಯಂದಿರೂ ತೆಗೆದುಕೊಳ್ಳಬೇಕು. 1848ರಲ್ಲಿ ಶುರುವಾದ ತೋಟ ಅದು, 55 ಎಕರೆ. ಮೇ ತಿಂಗಳ ಫಲಪುಷ್ಪ ಪ್ರದರ್ಶನದ ಸಮಯದಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ. ತೋಟದ ಮೇಲಿನ ತುದಿಗೆ ಹತ್ತಿದರೆ ತೋಡರ ಮಂದು ಇದೆ, ಅಂದರೆ ಅವರ ಪುಟ್ಟ ಕೇರಿ. ಬ್ರಿಟಿಷರು ಬರುವ ಎಷ್ಟೋ ಕಾಲದ ಮೊದಲಿಂದ ಆ ಬೆಟ್ಟದಲ್ಲಿ ಎಮ್ಮೆ ಕಾಯ್ದುಕೊಂಡಿದ್ದ ಜನ ಅವರು. ಅವರ ಮನೆಗಳ ಮುಂದೆ ನಿಂತು ಕೇಳದೆ ಫೋಟೊ ತೆಗೆಯುವವರನ್ನು ನೋಡಿದರೆ ನನಗೆ ತುಂಬ ಸಂಕಟವಾಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಸಮಯ ಇದ್ದರೆ ಫರ್ನ್‌ಹಿಲ್‌ನಲ್ಲಿ ನಮ್ಮ ಕರ್ನಾಟಕದ ತೋಟಗಾರಿಕೆ ಇಲಾಖೆಯದೇ 38 ಎಕರೆ ಉದ್ಯಾನ ಇದೆ, ನೋಡಿ ಬನ್ನಿ. ಅದಕ್ಕೂ ಟಿಕೆಟ್ ಇದೆ, ಕರ್ನಾಟಕದವರು ಎಂದು ಬಿಡುವುದಿಲ್ಲ.

ಒಂದು ಮಾತು ಸೇರಿಸುತ್ತೇನೆ. ಕೋತಗಿರಿ ಸುತ್ತ ಬಡಗರು ಎಂಬ ಸಮುದಾಯದವರ ಹಟ್ಟಿಗಳಿವೆ. ಬಡಗು ಅಂದರೆ ಉತ್ತರ ದಿಕ್ಕು. ತಮ್ಮ ಹಿರಿಯರು ಮೈಸೂರು ಸೀಮೆಯಿಂದ ಬೆಟ್ಟ ಹತ್ತಿ ಬಂದವರು ಎಂದು ಅವರೇ ಹೇಳುತ್ತಾರೆ, ಅವರ ಮಾತೂ ಕನ್ನಡಕ್ಕೆ ಅಷ್ಟು ಹತ್ತಿರ. ಇಷ್ಟು ಹಳೆಯ ನಂಟು ಇರುವ ಜಾಗಕ್ಕೆ ಪಾಸ್ ಹಿಡಿದು ಹೋಗುವುದು ಮನಸ್ಸಿಗೆ ಚುಚ್ಚುತ್ತದೆ, ನಿಜ. ಆದರೆ ನಿಮ್ಮ ಮಗಳು ಈಗ ಆ ಬೆಟ್ಟದವಳು. ಮೇ ತಿಂಗಳಲ್ಲಿ ಅವಳು ಮಕ್ಕಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾದಾಗ ರಸ್ತೆ ಖಾಲಿ ಇರಬೇಕಲ್ಲ? ಈ ಪಾಸ್ ಅವಳಿಗಾಗಿ ಅಂದುಕೊಂಡು ತೆಗೆದುಕೊಳ್ಳಿ ಸರ್.

ಪ್ರಶ್ನೆ: ಕಬ್ಬನ್ ಪಾರ್ಕಿಗೆ ಟಿಕೆಟ್ ಇಲ್ಲ, ಲಾಲ್‌ಬಾಗಿಗೆ ಇದೆ. ಎರಡೂ ಸರ್ಕಾರದ್ದೇ ಅಲ್ವಾ? ಈ ಭೇದ ಯಾಕೆ? ಲಾಲ್‌ಬಾಗಿಗೆ ಟಿಕೆಟ್ ಇಲ್ಲದೆ ಹೋಗುವವರೂ ಇದ್ದಾರಂತೆ, ಯಾರು ಅವರು?
(ಬೆಂಗಳೂರಿಗೆ ಹೊಸದಾಗಿ ಬಂದಿರುವ ಹಾಸನದ ಓದುಗರು)

ಉತ್ತರ: ಬೆಳಗಿನ ವಾಕಿಂಗ್‌ನವರು. ಬೆಳಿಗ್ಗೆ ಬಾಗಿಲು ತೆಗೆದಾಗಿನಿಂದ 9 ಗಂಟೆಯವರೆಗೆ ಲಾಲ್‌ಬಾಗಿನಲ್ಲಿ ಟಿಕೆಟ್ ಇಲ್ಲ. ಆ ಹೊತ್ತಿನಲ್ಲಿ ನೀವು ಬಸವನಗುಡಿಯವರಾ, ಹಾಸನದವರಾ ಎಂದು ಯಾರೂ ಕೇಳುವುದಿಲ್ಲ. ಅಂದರೆ ವಾಕಿಂಗ್ ಮಾಡುವವರಿಗೆ ಬೇರೆ ಪಾಸ್ ಅಂತೇನಿಲ್ಲ, ಬೇಗ ಎದ್ದು ಬಂದವರೆಲ್ಲ ಒಳಗೆ. ನನ್ನ ಅಮ್ಮ ಸಿದ್ದಾಪುರ ಗೇಟಿನಿಂದ ಒಳಗೆ ಹೋಗಿ ಕೆರೆ ಏರಿಯ ಮೇಲೆ ಒಂದು ಸುತ್ತು ಹಾಕಿ, ಬೆನ್ನು ನೋವಿದ್ದ ದಿನ ಬರೀ ಕಲ್ಲು ಬೆಂಚಿನ ಮೇಲೆ ಕೂತು, ಅಲ್ಲಿ ಸಿಗುವ ನಾಲ್ಕು ಜನ ಗೆಳತಿಯರ ಹತ್ತಿರ ಮಾತಾಡಿ ಬರುತ್ತಿದ್ದರು. ಆ ಒಂದು ಗಂಟೆಗೆ ದಿನಾ ಟಿಕೆಟ್ ತೆಗೆಯಬೇಕು ಎಂದಿದ್ದರೆ ಅವರು ಹೋಗುತ್ತಲೇ ಇರಲಿಲ್ಲ. ಇಂಥವರು ಸಾವಿರಾರು ಜನ ಇದ್ದಾರೆ. 9ರ ನಿಯಮ ಸಣ್ಣದಾಗಿ ಕಾಣುತ್ತದೆ, ಆದರೆ ಅದರಿಂದಲೇ ಲಾಲ್‌ಬಾಗ್ ಇನ್ನೂ ಊರಿನವರ ತೋಟವಾಗಿ ಉಳಿದಿದೆ ಎಂದು ನನಗೆ ಅನ್ನಿಸುತ್ತದೆ.

ಭೇದ ಯಾಕೆ ಅಂದರೆ, ಎರಡೂ ತೋಟಗಾರಿಕೆ ಇಲಾಖೆಯವೇ, ಎರಡನ್ನೂ ಕಾಪಾಡಲು ಇರುವುದು 1975ರ ಕರ್ನಾಟಕ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯ್ದೆಯೇ. ಆದರೆ ಜಾಗದ ಗುಣ ಬೇರೆ. ಲಾಲ್‌ಬಾಗ್ 1760ರಲ್ಲಿ ಹೈದರಾಲಿ ಶುರು ಮಾಡಿಸಿದ ತೋಟ. ದೂರದ ದೇಶಗಳಿಂದ ತಂದ ಗಿಡಗಳನ್ನು ಬೆಳೆಸಿ ನೋಡುವ ಜಾಗ. ಈಗ 240 ಎಕರೆ, ಸುತ್ತ ಕಾಂಪೌಂಡು, ನಾಲ್ಕು ಗೇಟು. ಕಬ್ಬನ್ ಪಾರ್ಕ್ 1870ರಲ್ಲಿ ಊರಿನವರ ಓಡಾಟಕ್ಕೆಂದೇ ಮಾಡಿದ್ದು. ಅದರೊಳಗೇ ರಸ್ತೆಗಳಿವೆ, ಗ್ರಂಥಾಲಯ ಇದೆ, ಪಕ್ಕದಲ್ಲೇ ಹೈಕೋರ್ಟ್. ಮೆಟ್ರೊ ಇಳಿದು ಅದನ್ನು ದಾಟಿಕೊಂಡೇ ಎಷ್ಟೋ ಜನ ಕೆಲಸಕ್ಕೆ ಹೋಗುತ್ತಾರೆ. ಹಾದಿಯಲ್ಲಿ ನಡೆಯುವವರಿಗೆ ಟಿಕೆಟ್ ಕೊಡುವುದು ಹೇಗೆ? ಬಾಲಭವನದ ಒಳಗೆ ಹೋದರೆ ಮಾತ್ರ ಅಲ್ಲಿನ ದರ ಕೊಡಬೇಕು. ನೀವು ಹೊಸಬರಾದ್ದರಿಂದ ಹೇಳುತ್ತೇನೆ, ಭಾನುವಾರ ಹೋಗಿ. ಅವತ್ತು ಪಾರ್ಕಿನೊಳಗೆ ಗಾಡಿ ಬಿಡುವುದಿಲ್ಲ, ಮಕ್ಕಳು ರಸ್ತೆ ಮಧ್ಯದಲ್ಲೇ ಸೈಕಲ್ ಹೊಡೆಯುತ್ತಾರೆ.

ಪ್ರಶ್ನೆ: ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನಕ್ಕೆ ನಮ್ಮ ಸರ್ಕಾರಿ ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಬೇಕೆಂದಿದ್ದೇವೆ. ತಲೆಗೆ ಇಷ್ಟು ಅಂತ ಟಿಕೆಟ್ ಆದರೆ ಕಷ್ಟ.
(ರಾಮನಗರದ ಶಿಕ್ಷಕಿ)

ಉತ್ತರ: ಮೇಡಂ, ಯೂನಿಫಾರ್ಮ್ ಹಾಕಿಸಿ ಕರೆದುಕೊಂಡು ಬನ್ನಿ. ಸಮವಸ್ತ್ರದಲ್ಲಿ ಬಂದ ಶಾಲಾ ಮಕ್ಕಳನ್ನು ಪ್ರದರ್ಶನಕ್ಕೆ ಉಚಿತವಾಗಿ ಬಿಡುವ ಪದ್ಧತಿ ಲಾಲ್‌ಬಾಗಿನಲ್ಲಿ ಹಿಂದಿನಿಂದ ನಡೆದು ಬಂದಿದೆ. ಶಾಲೆಯ ಗುರುತಿನ ಚೀಟಿ, ಮುಖ್ಯ ಶಿಕ್ಷಕರ ಒಂದು ಪತ್ರ ಇದ್ದರೆ ಒಳ್ಳೆಯದು. ಜನವರಿ 26ರಂದೇ ಬರಬೇಡಿ, ಅವತ್ತು ದೊಡ್ಡವರೇ ಕಳೆದುಹೋಗುವಷ್ಟು ಜನ. ಅದಕ್ಕೆ ಮೊದಲಿನ ವಾರದ ದಿನವೊಂದರಲ್ಲಿ ಬೆಳಿಗ್ಗೆಯೇ ಬನ್ನಿ. ಗಾಜಿನ ಮನೆ ನೋಡಿದ ಮೇಲೆ ಮಕ್ಕಳನ್ನು ಕೆಂಪೇಗೌಡ ಗೋಪುರದ ಬಂಡೆಯ ಮೇಲೆ ಕೂರಿಸಿ. ಸುಮಾರು 300 ಕೋಟಿ ವರ್ಷ ಹಳೆಯ ಬಂಡೆ ಅದು ಎಂದು ಹೇಳಿ ನೋಡಿ. ಹೂವಿಗಿಂತ ಅದನ್ನೇ ಜಾಸ್ತಿ ನೆನಪಿಟ್ಟುಕೊಳ್ಳುವ ಮಗು ಒಂದಾದರೂ ಇರುತ್ತದೆ.

ಪ್ರಶ್ನೆ: ನಾನು ಮನೆಗೆಲಸಕ್ಕೆ ಹೋಗುವ ಬಡಾವಣೆಯಲ್ಲಿ ಒಂದು ಪಾರ್ಕ್ ಇದೆ. ಮಧ್ಯಾಹ್ನ ಒಂದು ಮನೆ ಕೆಲಸ ಮುಗಿಸಿ ಇನ್ನೊಂದಕ್ಕೆ ಹೋಗುವ ಮೊದಲು ಅಲ್ಲಿ ಕೂತು ಬುತ್ತಿ ತಿನ್ನುತ್ತಿದ್ದೆವು. ಈಗ ‘ನಿವಾಸಿಗಳಿಗೆ ಮಾತ್ರ, ಹೊರಗಿನವರು ಪಾಸ್ ತೋರಿಸಬೇಕು’ ಎಂದು ಬೋರ್ಡು ಹಾಕಿದ್ದಾರೆ. ವಾಚ್‌ಮನ್ ಎಬ್ಬಿಸಿ ಕಳಿಸಿದ. ಅವರು ಹಾಗೆ ಮಾಡಬಹುದಾ?
(ಬೆಂಗಳೂರು. ಈ ಪತ್ರವನ್ನು ಇವರ ಮಗ ಬರೆದುಕೊಟ್ಟಿದ್ದಾನೆ)

ಉತ್ತರ: ಅಕ್ಕಾ, ಅದು ಸಾರ್ವಜನಿಕ ಪಾರ್ಕ್ ಆಗಿದ್ದರೆ ಮಾಡುವ ಹಾಗಿಲ್ಲ. ನಿಮ್ಮ ಪತ್ರ ಓದಿ ನನಗೆ ಆ ದಿನವೆಲ್ಲ ಸಮಾಧಾನ ಇರಲಿಲ್ಲ.

ಮೊದಲು ತಿಳಿಯಬೇಕಾದದ್ದು ಆ ಜಾಗ ಯಾರದು ಎಂದು. ಒಂದು ಅಪಾರ್ಟ್‌ಮೆಂಟಿನ ಕಾಂಪೌಂಡಿನೊಳಗೆ ಅವರೇ ಮಾಡಿಕೊಂಡ ತೋಟ ಆದರೆ ಅದು ಅವರ ಸ್ವಂತದ್ದು, ಅಲ್ಲಿ ನಾವು ಏನೂ ಹೇಳಲಾಗದು. ಆದರೆ ಬಡಾವಣೆಯ ನಕ್ಷೆಯಲ್ಲಿ ಪಾರ್ಕ್ ಎಂದು ತೋರಿಸಿದ ಜಾಗ ಹಾಗಲ್ಲ. ಖಾಸಗಿಯವರು ಲೇಔಟ್ ಮಾಡಿದರೂ ಮಂಜೂರಾತಿ ಸಿಗಬೇಕಾದರೆ ರಸ್ತೆ, ಪಾರ್ಕ್ ಜಾಗವನ್ನು ಪುಕ್ಕಟೆಯಾಗಿ ಸರ್ಕಾರಿ ಪ್ರಾಧಿಕಾರಕ್ಕೆ ಬರೆದುಕೊಡಬೇಕು. ಬರೆದುಕೊಟ್ಟ ಮೇಲೆ ಅದು ಎಲ್ಲರದು. ನಿವಾಸಿಗಳ ಸಂಘದವರು ಗಿಡಕ್ಕೆ ನೀರು ಹಾಕಬಹುದು, ಬೆಂಚು ಹಾಕಿಸಬಹುದು, ಕಸ ಹಾಕಬೇಡಿ ಎಂದು ಹೇಳಬಹುದು. ಅವರು ಚೆನ್ನಾಗಿ ನೋಡಿಕೊಳ್ಳುವ ಕಡೆ ಪಾರ್ಕ್ ಚೆನ್ನಾಗಿಯೂ ಇರುತ್ತದೆ, ಅದನ್ನು ಮೆಚ್ಚಲೇಬೇಕು. ಆದರೆ ನೋಡಿಕೊಳ್ಳುವುದರಿಂದ ಪಾರ್ಕ್ ಅವರದಾಗುವುದಿಲ್ಲ, ಯಾರು ಒಳಗೆ ಬರಬೇಕು ಎಂದು ಚೀಟಿ ಕೊಡುವ ಅಧಿಕಾರವೂ ಬರುವುದಿಲ್ಲ.

ಬೆಂಗಳೂರಿನದೇ ಒಂದು ಹಳೆಯ ಕೇಸ್ ಇದೆ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆಂದು ಇಟ್ಟ ಜಾಗವನ್ನು ಒಂದು ಟ್ರಸ್ಟಿನ ನರ್ಸಿಂಗ್ ಹೋಮ್‌ಗೆ ಕೊಡಲು ಹೊರಟಿದ್ದರು. ಅಲ್ಲಿನ ಜನ ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಹಾಗೆ ಕೊಡುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಪಾರ್ಕ್ ಎಂದು ಗುರುತಿಸಿದ ಜಾಗ ಜನರ ಉಸಿರಾಟಕ್ಕೆ ಬೇಕಾದದ್ದು, ಅದನ್ನು ಖಾಸಗಿಯವರಿಗೆ ಬಿಡುವುದು ತಪ್ಪು ಎಂಬುದು ಅದರ ಸಾರ. ಅವತ್ತು ಗೆದ್ದದ್ದು ಬಡಾವಣೆಯ ಜನರೇ. ಅದೇ ನ್ಯಾಯ ನಿಮಗೂ ಸಲ್ಲಬೇಕು. ಪಾರ್ಕ್ ಜನರದು ಅಂದರೆ ಆ ಜನರಲ್ಲಿ ನೀವೂ ಇದ್ದೀರಿ.

ಈಗ ಏನು ಮಾಡಬೇಕು? ಬೋರ್ಡಿನ ಒಂದು ಫೋಟೊ ತೆಗೆದಿಡಲು ಮಗನಿಗೆ ಹೇಳಿ. ಆ ಬಡಾವಣೆಯ ನಕ್ಷೆಯಲ್ಲಿ ಆ ಜಾಗ ಪಾರ್ಕ್ ಎಂದಿದೆಯಾ ಎಂದು ಮಾಹಿತಿ ಹಕ್ಕಿನ ಅಡಿ 10 ರೂಪಾಯಿ ಕೊಟ್ಟು ಕೇಳಬಹುದು. ಬಡಾವಣೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ್ದು, ಅಂದರೆ ಬಿಡಿಎದ್ದಾದರೆ ಬಿಡಿಎಗೆ, ಇಲ್ಲವಾದರೆ ನಿಮ್ಮ ಭಾಗದ ಪಾಲಿಕೆಗೆ. ಬಿಬಿಎಂಪಿ ಹೋಗಿ ಈಗ ಐದು ಪಾಲಿಕೆಗಳಾಗಿವೆ, ಯಾವುದು ಎಂದು ಹತ್ತಿರದ ವಾರ್ಡ್ ಕಚೇರಿಯಲ್ಲಿ ಹೇಳುತ್ತಾರೆ. ಅಲ್ಲಿನ ತೋಟಗಾರಿಕೆ ವಿಭಾಗಕ್ಕೆ ಒಂದು ಅರ್ಜಿ ಕೊಡಿ. ಇನ್ನೊಂದು ಮಾತು. 2024ರಲ್ಲಿ ನಗರದ ಪಾಲಿಕೆ ಪಾರ್ಕುಗಳನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆಗೆದಿಡಬೇಕು ಎಂದು ಆದೇಶವಾಗಿದೆ. ಮೊದಲು ಮಧ್ಯಾಹ್ನ ಬೀಗ ಹಾಕುತ್ತಿದ್ದರು, ಈಗ ಹಾಕುವ ಹಾಗಿಲ್ಲ. ಅಂದರೆ ನೀವು ಬುತ್ತಿ ಬಿಚ್ಚುವ ಹೊತ್ತಿಗೆ ಪಾರ್ಕ್ ತೆರೆದಿರಲೇಬೇಕು.

ನೀವು ಒಬ್ಬರೇ ಹೋಗಿ ವಾಚ್‌ಮನ್ ಹತ್ತಿರ ಜಗಳ ಮಾಡಬೇಡಿ, ಅವನೂ ಸಂಬಳಕ್ಕೆ ನಿಂತವನು. ನೀವು ಕೆಲಸ ಮಾಡುವ ಮನೆಗಳಲ್ಲಿ ಒಬ್ಬರಾದರೂ ಒಳ್ಳೆಯವರು ಇದ್ದೇ ಇರುತ್ತಾರೆ, ಅರ್ಜಿಗೆ ಅವರ ಸಹಿಯನ್ನೂ ಹಾಕಿಸಿ. ಈ ಅಂಕಣ ಓದುತ್ತಿರುವ ಸಂಘದ ಪದಾಧಿಕಾರಿಗಳಿಗೆ ನನ್ನ ಕೋರಿಕೆ ಒಂದೇ. ನಿಮ್ಮ ಪಾರ್ಕಿನ ಗೇಟಿನಲ್ಲಿ ಇಂಥ ಬೋರ್ಡು ಇದ್ದರೆ ಇವತ್ತೇ ತೆಗೆಸಿ.

ಪ್ರಶ್ನೆ: ಮಗಳು ಸ್ಪೇನ್‌ನ ಬಾರ್ಸಿಲೋನಾದಲ್ಲಿ ಕೆಲಸದಲ್ಲಿದ್ದಾಳೆ. ಮುಂದಿನ ತಿಂಗಳು ನಾನು, ಯಜಮಾನರು, 5 ವರ್ಷದ ಮೊಮ್ಮಗ ಹೋಗುತ್ತಿದ್ದೇವೆ. ಅಲ್ಲಿ ಗ್ವೆಲ್ ಪಾರ್ಕ್ ಎಂದು ಇದೆಯಂತೆ, ಮಗಳಿಗೆ ಅಲ್ಲಿ ಟಿಕೆಟ್ ಬೇಡವಂತೆ. ಅವಳ ಜೊತೆ ಹೋದರೆ ನಮ್ಮನ್ನೂ ಬಿಡುತ್ತಾರಾ?
(ಶಿವಮೊಗ್ಗದ ಓದುಗರು)

ಉತ್ತರ: ಮೊಮ್ಮಗನನ್ನು ಬಿಡುತ್ತಾರೆ, ನಿಮ್ಮಿಬ್ಬರನ್ನು ಇಲ್ಲ. 6 ವರ್ಷದವರೆಗಿನ ಮಕ್ಕಳಿಗೆ ದುಡ್ಡಿಲ್ಲ. ಮಗಳಿಗೆ ಬೇಡ ಯಾಕೆಂದರೆ ಅವಳ ಹೆಸರು ಆ ನಗರದ ನಿವಾಸಿಗಳ ಪಟ್ಟಿಯಲ್ಲಿ ಇರುತ್ತದೆ. ಬಾರ್ಸಿಲೋನಾದ ನಿವಾಸಿಗಳು ಒಂದು ಯೋಜನೆಯಲ್ಲಿ ಹೆಸರು ಬರೆಸಿಕೊಂಡರೆ ಉಚಿತವಾಗಿ ಹೋಗಬಹುದು. ಅದು ಅವಳೊಬ್ಬಳಿಗೆ, ಅವಳ ಅತಿಥಿಗಳಿಗಲ್ಲ. ಪಾರ್ಕಿನ ಅಕ್ಕಪಕ್ಕದ ಬೀದಿಗಳವರಿಗೆ ಬೇರೆಯೇ ಗುರುತಿನ ಚೀಟಿ ಇದೆ. ಪಾರ್ಕಿನ ಒಳಗೇ ಒಂದು ಸರ್ಕಾರಿ ಶಾಲೆ ಇದೆ, ಆ ಮಕ್ಕಳು, ಅವರ ಮೇಷ್ಟ್ರುಗಳು ದಿನಾ ಟಿಕೆಟ್ ಇಲ್ಲದೆ ಓಡಾಡುತ್ತಾರೆ. ಬೆಳಿಗ್ಗೆ 7ರಿಂದ 9.30ರವರೆಗೆ ಊರಿನವರಿಗೆ ಮಾತ್ರ ಎಂದು ಮೀಸಲು ಇಟ್ಟಿದ್ದಾರೆ. ಮೇಲೆ ಲಾಲ್‌ಬಾಗಿನ 9 ಗಂಟೆಯ ಬಗ್ಗೆ ಹೇಳಿದೆನಲ್ಲ, ಹೆಚ್ಚುಕಡಿಮೆ ಅದೇ ಯೋಚನೆ. ನಮ್ಮಲ್ಲಿ ಆ ಹೊತ್ತು ಎಲ್ಲರಿಗೂ ಬಾಗಿಲು ತೆರೆದಿರುತ್ತದೆ ಎಂಬುದು ಒಂದು ವ್ಯತ್ಯಾಸ.

ಇದು ಶುರುವಿನಿಂದ ಹೀಗಿರಲಿಲ್ಲ. ಆಂಟೊನಿ ಗೌದಿ ಎಂಬ ದೊಡ್ಡ ವಾಸ್ತುಶಿಲ್ಪಿ 1900ರಿಂದ 1914ರವರೆಗೆ ಕಟ್ಟಿದ ಜಾಗ ಅದು. ಶ್ರೀಮಂತರಿಗೆ 60 ಮನೆಗಳ ಬಡಾವಣೆ ಮಾಡಲು ಹೊರಟಿದ್ದರು, ಎರಡೇ ಮನೆ ಆದವು. ಕೊನೆಗೆ ನಗರಸಭೆ ಕೊಂಡುಕೊಂಡು 1926ರಲ್ಲಿ ಜನರಿಗೆ ಪಾರ್ಕಾಗಿ ಬಿಟ್ಟಿತು. 1984ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು, ಜನ ನುಗ್ಗಿದರು. ಸುತ್ತಲ ಮನೆಗಳ ಅಜ್ಜ ಅಜ್ಜಿಯರಿಗೆ ಕೂರಲು ಬೆಂಚು ಸಿಗದಂತಾಯಿತು. 2013ರ ಅಕ್ಟೋಬರಿನಿಂದ ಮುಖ್ಯ ಭಾಗಕ್ಕೆ ಟಿಕೆಟ್ ಬಂತು, ಆಮೇಲೆ ಅದು ಪಾರ್ಕಿನ ಉಳಿದ ಭಾಗಕ್ಕೂ ಹರಡಿತು. 2025ರಲ್ಲಿ ದರ 18 ಯೂರೊಗೆ ಏರಿದೆ, ಕಡಿಮೆ ದುಡ್ಡಲ್ಲ. 65 ದಾಟಿದವರಿಗೆ ರಿಯಾಯಿತಿ ಇದೆ, ಯಜಮಾನರಿಗೆ ಅಷ್ಟಾಗಿದ್ದರೆ ವಯಸ್ಸು ತೋರಿಸಲು ಪಾಸ್‌ಪೋರ್ಟ್ ಜೊತೆಗಿರಲಿ. ಹೋಗುವ ಮೊದಲೇ ಆನ್‌ಲೈನ್‌ನಲ್ಲಿ ಹೊತ್ತು ಗೊತ್ತು ಮಾಡಿ ಟಿಕೆಟ್ ತೆಗೆಯಲು ಮಗಳಿಗೆ ಹೇಳಿ. ಕೊಟ್ಟ ಸಮಯದಿಂದ ಅರ್ಧ ಗಂಟೆಯೊಳಗೆ ಒಳಗಿರಬೇಕು, ಹೊರಗೆ ಬಂದರೆ ಮತ್ತೆ ಬಿಡುವುದಿಲ್ಲ. ಮೊಮ್ಮಗನಿಗೆ ಬಣ್ಣದ ಹೆಂಚಿನ ಚೂರುಗಳ ಹಲ್ಲಿಯನ್ನು ಮೊದಲು ತೋರಿಸಿ, ಆಮೇಲೆ ಹಾವಿನ ಹಾಗೆ ಸುತ್ತುವ ಉದ್ದದ ಬೆಂಚು.

ಇನ್ನೊಂದು ವಿಷಯ. ಆ ಗುಡ್ಡದ ಓಣಿಗಳಲ್ಲಿ ಓಡಾಡುವ 116 ನಂಬರಿನ ಪುಟ್ಟ ಬಸ್ಸಿದೆ. ಪ್ರವಾಸಿಗರೇ ತುಂಬಿಕೊಂಡು ಅಲ್ಲಿನ ವಯಸ್ಸಾದವರಿಗೆ ಜಾಗ ಸಿಗದೆ, 2024ರಲ್ಲಿ ನಗರಸಭೆಯವರು ಆ ಬಸ್ಸನ್ನು ಗೂಗಲ್ ಮ್ಯಾಪಿನಿಂದಲೇ ತೆಗೆಸಿದರು. ಮಗಳಿಗೆ ಆ ಬಸ್ಸು ಗೊತ್ತಿದ್ದರೂ ನೀವು ಹತ್ತಬೇಡಿ. ವಲ್ಕಾರ್ಕಾ ಮೆಟ್ರೊದಲ್ಲಿ ಇಳಿದು ನಡೆಯಿರಿ, ಏರು ಜಾಸ್ತಿ ಇರುವ ಕಡೆ ಬೀದಿಯಲ್ಲೇ ಎಸ್ಕಲೇಟರ್ ಹಾಕಿದ್ದಾರೆ. ಮಂಡಿನೋವು ಇದ್ದರೆ ಟ್ಯಾಕ್ಸಿ ಮಾಡಿಕೊಳ್ಳಿ.